ಬುತ್ತಿ ತೋರಿಸುವ ಕಂಬ

ಮೊದಲೇ ಹೇಳಿಬಿಡುತ್ತೇನೆ, ಆ ಕಂಬವನ್ನು ಕಂಡುಹಿಡಿದವಳು ನಾನೇ. ಬೇರೆಯವರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವ ಆಸೆ ನನಗೂ ಇತ್ತು. ಯಾರ್ಮೊ ಸರೋವರದ ದಂಡೆಯಲ್ಲಿ ಎರಡು ದಿನ ನಿಂತ ಮೇಲೆ ಆ ಆಸೆಯೂ ಹೇಸಿಗೆ ಅನಿಸಿತು.

ಯಾರ್ಮೊ ಇರುವುದು ಲಡಾಖಿನ ಪೂರ್ವದ ಅಂಚಿನಲ್ಲಿ, ಹದಿನಾಲ್ಕೂವರೆ ಸಾವಿರ ಅಡಿ ಎತ್ತರದ ಮರುಭೂಮಿಯಲ್ಲಿ. ಮರ ಅನ್ನುವುದು ಮದ್ದಿಗೂ ಇಲ್ಲ. ಬೋಳು ಗುಡ್ಡ, ಉಪ್ಪು ಕಟ್ಟಿದ ದಂಡೆ, ನಡುವೆ ಕಣ್ಣು ಕುಕ್ಕುವ ನೀಲಿ ನೀರು. ಹೆಸರಿಗೆ ವನ್ಯಧಾಮ. ನಮ್ಮ ಕಡೆ ಚಳಿಗಾಲ ಕಳೆದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಏಪ್ರಿಲ್‌ನಲ್ಲಿ ಇಲ್ಲಿ ಇಳಿಯುತ್ತವೆ. ಐದಾರು ದಿನ ದಣಿವಾರಿಸಿಕೊಂಡು ಮತ್ತೆ ಉತ್ತರಕ್ಕೆ ಹಾರಿ, ಮಂಗೋಲಿಯಾದ ಕೆರೆಗಳ ದಂಡೆಯಲ್ಲಿ ಮೊಟ್ಟೆಯಿಡುತ್ತವೆ. ಅಲ್ಲಿನ ಬೇಸಿಗೆ ಗೇಣಷ್ಟು. ಮೇ ತಿಂಗಳ ನಡುವೆ ಮುಟ್ಟದಿದ್ದರೆ ಮರಿ ದೊಡ್ಡದಾಗುವ ಮೊದಲೇ ಹಿಮ ಬೀಳುತ್ತದೆ.

ನಾವು ಹೋದದ್ದು ಮೇ ಹತ್ತಕ್ಕೆ. ಹೆಬ್ಬಾತುಗಳು ಇನ್ನೂ ಅಲ್ಲೇ ಇದ್ದವು.

ನಾವು ಅಂದರೆ ನಾನು ಮತ್ತು ನನ್ನ ಸೋದರತ್ತೆ ಬಾಳವ್ವ. ನಮ್ಮ ಊರು ಗದಗಿನ ಹತ್ತಿರ, ಕೆರೆಯ ಊರು. ನವೆಂಬರಿನಲ್ಲಿ ಸಾವಿರಾರು ಬಾತುಗಳು ಕೆರೆಗೆ ಇಳಿಯುತ್ತವೆ, ರಾತ್ರಿಯೆಲ್ಲ ಕಡಲೆ ಹೊಲಕ್ಕೆ ನುಗ್ಗುತ್ತವೆ. ಊರವರು ತಗಡು ಬಡಿದು ಓಡಿಸುತ್ತಾರೆ. ಆದರೆ ಶಿವರಾತ್ರಿ ಮುಗಿದ ಮೇಲೆ ಯಾರೂ ತಗಡು ಮುಟ್ಟುವಂತಿಲ್ಲ. ಪ್ರತಿ ಹೊಲದಲ್ಲೂ ಕೆರೆಯ ಕಡೆಗೆ ನಾಲ್ಕು ಸಾಲು ಕಡಲೆ ಕೀಳದೆ ಬಿಡುತ್ತಾರೆ. ಅದು ದಾರಿಬುತ್ತಿ. ದೂರದ ಊರಿಗೆ ಹೊರಟವರನ್ನು ಬರಿಗೈಲಿ ಕಳಿಸಬಾರದು, ಅಷ್ಟೇ ಅದರ ಅರ್ಥ. ಬಾತುಗಳು ಅದನ್ನು ತಿಂದು, ಮೈಗೆ ಕೊಬ್ಬು ಹಿಡಿಸಿಕೊಂಡು, ಒಂದು ಬೆಳಗ್ಗೆ ಹೇಳದೆ ಕೇಳದೆ ಹೊರಟುಬಿಡುತ್ತವೆ. ಅತ್ತೆಯ ಹೊಲದಲ್ಲಿ ನಾಲ್ಕಲ್ಲ, ಆರು ಸಾಲು. ಈ ವಿಷಯದಲ್ಲಿ ಅವಳಿಗೆ ಸ್ವಲ್ಪ ಜಂಬ.

ಆಮೇಲೆ ಗುಡ್ಡದ ಮೇಲೆ ಗಾಳಿ ಗಿರಣಿಗಳು ಬಂದವು. ಆ ಉದ್ದನೆಯ ರೆಕ್ಕೆಗೆ ಸಿಕ್ಕಿ ಒಂದೇ ಚಳಿಗಾಲದಲ್ಲಿ ನಾನೂರು ಬಾತು ಸತ್ತವು. ನಾನು ಆಗ ಧಾರವಾಡದಲ್ಲಿ ಹಕ್ಕಿಗಳ ದಿಕ್ಕಿನ ಅರಿವಿನ ಬಗ್ಗೆ ಕೆಲಸ ಮಾಡುತ್ತಿದ್ದೆ. ಹಕ್ಕಿಯ ಕಣ್ಣಿನೊಳಗೆ ಒಂದು ಪ್ರೋಟೀನ್ ಇದೆ, ಭೂಮಿಯ ಅಯಸ್ಕಾಂತ ಅದಕ್ಕೆ ತಾಕುತ್ತದೆ. ಉತ್ತರ ಎಲ್ಲಿ ಅನ್ನುವುದು ಹಕ್ಕಿಗೆ ಬಹುಶಃ ಕಣ್ಣಿಗೇ ಕಾಣುತ್ತದೆ, ನೆರಳಿನ ಹಾಗೆ. ಸಣ್ಣ ರೇಡಿಯೋ ಅಲೆಯಿಂದ ಆ ನೆರಳನ್ನು ಕಲಕಬಹುದು. ನಾನು ಕಲಕಲಿಲ್ಲ, ಅದರೊಳಗೆ ಒಂದು ಗುರುತು ಬರೆದೆ. ಕಂಬದಿಂದ ಅಲೆ ಹೊರಟರೆ ನಾಲ್ಕು ಮೈಲಿ ದೂರದ ಹಕ್ಕಿಗೂ ಆ ದಿಕ್ಕಿನಲ್ಲಿ ಏನೋ ಒಂದು ಮಚ್ಚೆ ಕಾಣುತ್ತದೆ.

ಆದರೆ ಮಚ್ಚೆ ಕಂಡರೆ ಏನಂತೆ? ಹಕ್ಕಿ ಯಾಕೆ ಆ ಕಡೆ ಬರಬೇಕು? ಎರಡು ವರ್ಷ ತಲೆ ಕೆಡಿಸಿಕೊಂಡೆ. ಕೊನೆಗೆ ಒಂದು ದಿನ ಅತ್ತೆಯ ಅಡಿಗೆಮನೆಯಲ್ಲಿ ರೊಟ್ಟಿ ತಿನ್ನುತ್ತಾ ಹೇಳಿಕೊಂಡೆ.

"ಅದಕ್ಯಾಕ ಇಷ್ಟು ಒದ್ದಾಡ್ತಿ?" ಅತ್ತೆ ರೊಟ್ಟಿ ತಿರುವುತ್ತ ಅಂದಳು. "ಬುತ್ತಿ ಸಾಲಿನಾಗ ನೆಡು ನಿನ್ನ ಕಂಬಾನ. ಕಂಬ ಕಂಡಲ್ಲಿ ಬುತ್ತಿ ಐತಿ ಅಂತ ಅವಕ್ಕ ತಿಳೀತೈತಿ. ತಿಳದ ಮ್ಯಾಲೆ ಗಿರಣಿ ಕಡೆ ಯಾಕ ಹೋಗ್ತಾವ?"

ಊರವರೆಲ್ಲ ಕುಣಿದುಕೊಂಡು ಒಪ್ಪಿದರು. ದಾರಿಬುತ್ತಿಯ ಸಾಲುಗಳಲ್ಲೇ ಆರು ಕಂಬ ನೆಟ್ಟೆವು. ಮೂರು ಚಳಿಗಾಲದಲ್ಲಿ ಬಾತುಗಳು ಕಲಿತವು. ತಾಯಿಯಿಂದ ಮರಿ ಕಲಿಯಿತು. ಗಿರಣಿಗೆ ಸಿಕ್ಕಿ ಸಾಯುವುದು ನಿಂತೇಹೋಯಿತು. ಪೇಪರಿನಲ್ಲಿ ನನ್ನ ಫೋಟೋ ಬಂತು, ಅತ್ತೆಗೆ ಪಂಚಾಯ್ತಿಯವರು ಶಾಲು ಹೊದಿಸಿದರು. ಶಿವರಾತ್ರಿ ಆದ ಮೇಲೆ ಆ ಸಾಲಿನಲ್ಲಿ ಯಾರೂ ಒಂದು ಸಲವೂ ಮೋಸ ಮಾಡಿಲ್ಲ ಎಂಬ ಒಂದೇ ಕಾರಣಕ್ಕೆ ಆ ಹಕ್ಕಿಗಳು ನನ್ನ ಕಂಬವನ್ನು ನಂಬಿದವು. ನೂರಾರು ವರ್ಷದ ನಂಬಿಕೆಯನ್ನು ತೆಗೆದು ಒಂದು ಸ್ವಿಚ್ಚಿಗೆ ಕಟ್ಟಿದ್ದೇವೆ ಅಂತ ನಮಗ್ಯಾರಿಗೂ ಹೊಳೆಯಲಿಲ್ಲ. ನನಗಾದರೂ ಹೊಳೆಯಬೇಕಿತ್ತು. ಓದಿದವಳು ನಾನಲ್ಲವೇ?

ನನ್ನ ಕೈಕೆಳಗೆ ಕೆಲಸ ಕಲಿತ ರುದ್ರೇಶ ಕಲಬಂಡಿ ನಾಲ್ಕು ವರ್ಷದ ಹಿಂದೆ ಒಂದು ಪ್ರವಾಸದ ಕಂಪನಿ ಸೇರಿ, ಕಂಬದ ವಿದ್ಯೆಯನ್ನೂ ಜೊತೆಗೆ ಒಯ್ದು ಯಾರ್ಮೊಗೆ ಹೋದ. ಹುಡುಗ ಚುರುಕು, ಮಾತು ಬೆಣ್ಣೆ. ಅಲ್ಲಿ ಅವನೀಗ ಡೈರೆಕ್ಟರು. "ಮೇಡಂ, ನಿಮ್ಮ ಕಂಬದ ಮಹಿಮೆ ಬಂದು ನೋಡ್ರಿ, ಬಾಳವ್ವಾರನ್ನೂ ಕರ್ಕೊಂಡ ಬರ್ರಿ" ಅಂತ ವಿಮಾನದ ಟಿಕೆಟ್ ಕಳಿಸಿದ. ಬಾತುಗಳ ಆ ಕಡೆಯ ಊರು ನೋಡಬೇಕು ಅನ್ನುವುದು ಅತ್ತೆಯ ಬಹುದಿನದ ಆಸೆ. ಲೇಹ್‌ನಲ್ಲಿ ನಾಲ್ಕು ದಿನ ಮಲಗಿ ಮೈಗೆ ಎತ್ತರ ಒಗ್ಗಿಸಿಕೊಂಡೆವು. ತಲೆನೋವು ಬಂದದ್ದು ನನಗೆ. ಅರವತ್ತಾರರ ಅತ್ತೆ ಚಹಾಕ್ಕೆ ಬೆಣ್ಣೆ ಯಾಕೆ ಹಾಕುತ್ತಾರೆ ಅಂತ ಹೋಟೆಲಿನವಳ ಜೊತೆ ಕನ್ನಡದಲ್ಲೇ ವಾದಕ್ಕೆ ಇಳಿದಿದ್ದಳು.

ಯಾರ್ಮೊದಲ್ಲಿ ಕಾರಿನ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಫಿನಾಯಿಲ್ ವಾಸನೆ, ಅದರಡಿಯಲ್ಲಿ ಹಕ್ಕಿಯ ಹಿಕ್ಕೆಯ ವಾಸನೆ. ದಂಡೆಯುದ್ದಕ್ಕೂ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿದ್ದರು. ಅದರ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಆಸನಗಳು. ಬಾಡಿಗೆಯ ತುಪ್ಪಳದ ಕೋಟು ಹಾಕಿಕೊಂಡ ಇನ್ನೂರು ಮುನ್ನೂರು ಜನ ಕುರುಕುರು ಅಂತ ಏನೇನೋ ಮೇಯುತ್ತಾ ಕೂತಿದ್ದರು. ನಟ್ಟನಡುವೆ ನನ್ನ ಕಂಬ. ಅದಕ್ಕೆ ಚಿನ್ನದ ಬಣ್ಣ ಬಳಿದು, ತುದಿಗೊಂದು ಕಮಲ ಕೂರಿಸಿದ್ದರು.

"ಹಂಸ ದರ್ಶನ, ಎರಡನೇ ಆಟ" ಎಂದು ಸ್ಪೀಕರು ಕೂಗಿತು. ದಿನಕ್ಕೆ ನಾಲ್ಕು ಆಟವಂತೆ. ಹಂಸವಂತೆ! ಬಾತು ಅಂದರೆ ಟಿಕೆಟ್ಟು ಹೋಗುವುದಿಲ್ಲ ಅಂತ ಕಾಣುತ್ತದೆ.

ಸಂಗೀತ ಎದ್ದಿತು. ಉತ್ತರದ ಕಣಿವೆಯ ಕಡೆಯಿಂದ ಬಾತುಗಳು ಬಂದವು. ಎಂಟುನೂರಾದರೂ ಇದ್ದವು. ಆ ಕಣಿವೆಯೇ ಅವುಗಳ ದಾರಿ. ದಾಟಲು ಹೊರಟಿದ್ದವೇ ಹೊರಳಿ ಬರುತ್ತಿದ್ದವು. ಸಾಲು ಕಟ್ಟಿಕೊಂಡು, ಕೂಗುತ್ತಾ, ಜನರ ತಲೆಯ ಮೇಲೆ ಎರಡು ಸುತ್ತು ಹಾಕಿ ದಬದಬನೆ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಇಳಿದವು. ಜನ ಹೋ ಎಂದು ಸಿಳ್ಳೆ ಹೊಡೆದರು. ಬಾತುಗಳು ಕಂಬದ ಸುತ್ತ ಕೊಕ್ಕಿನಿಂದ ನೆಲ ಕೆದಕಿದವು. ಒಂದು ಸಲವಲ್ಲ, ಮತ್ತೆ ಮತ್ತೆ. ಪ್ಲಾಸ್ಟಿಕ್ ಎಳೆ ಕೊಕ್ಕಿಗೆ ಸಿಕ್ಕಿತು. ಯಾರೋ ಜೋಳದ ಅರಳು ಎರಚಿದರು, ಇನ್ನೊಬ್ಬ ಬಿಸ್ಕತ್ತು. ಒಬ್ಬಾತ ತನ್ನ ಮಗುವನ್ನು ಎತ್ತಿ ಒಂದು ಬಾತಿನ ಬೆನ್ನ ಮೇಲೆ ಕೂರಿಸಲು ಹೋದ. ಅದು ಕಚ್ಚಲೂ ಇಲ್ಲ, ಓಡಲೂ ಇಲ್ಲ, ತಲೆ ತಗ್ಗಿಸಿ ಹುಲ್ಲು ಕೆದಕುತ್ತಲೇ ಇತ್ತು.

"ಏನು ಹುಡುಕಾಕತ್ತಾವ ಗೊತ್ತಾತೇನು?" ಅತ್ತೆ ನನ್ನ ತೋಳು ಹಿಡಿದಳು. "ಕಡ್ಲಿ ಹುಡುಕಾಕತ್ತಾವ. ನಮ್ಮ ಕಡ್ಲಿ."

ರುದ್ರೇಶ ಓಡಿ ಬಂದು ಇಬ್ಬರಿಗೂ ಬಿಳಿ ರೇಷ್ಮೆಯ ವಸ್ತ್ರ ಹಾಕಿದ. ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದ. ನಮ್ಮನ್ನು ಮೆಟ್ಟಿಲ ಹಿಂದಿನ ಗಾಜಿನ ಕೋಣೆಗೆ ಕರೆದುಕೊಂಡು ಹೋದ. ಅದು ನಿಯಂತ್ರಣ ಕೊಠಡಿ. ಗೋಡೆ ತುಂಬ ಪರದೆ. ಸರೋವರದ ಸುತ್ತ ಒಂಬತ್ತು ಕಂಬ, ಒಂಬತ್ತಕ್ಕೂ ಒಂದೊಂದು ಗುಂಡಿ. ಬೆಳಗ್ಗೆ ಬಾತುಗಳು ಉತ್ತರಕ್ಕೆ ಎದ್ದ ಕೂಡಲೇ ಈ ದಂಡೆಯ ಕಂಬ ಹಚ್ಚುತ್ತಾರೆ, ತಿರುಗಿ ಬರುತ್ತವೆ. ಆಟ ಮುಗಿದ ಮೇಲೆ ಆಚೆ ದಂಡೆಯದನ್ನು ಹಚ್ಚಿ ಅಲ್ಲಿಗೆ ಅಟ್ಟುತ್ತಾರೆ. ಮತ್ತೆ ಇಲ್ಲಿ. ಮತ್ತೆ ಅಲ್ಲಿ.

"ಎಷ್ಟು ದಿವಸದಿಂದ?" ಕೇಳಿದೆ.

"ಮೂವತ್ತೊಂದು ದಿವಸ ಆತ್ರಿ. ಮೊದಲನೇ ವರ್ಷ ಹತ್ತ ದಿವಸ ಅಷ್ಟ ನಿಲ್ಲಿಸಾಕ ಆಗಿತ್ತು. ಹೋದ ವರ್ಷ ಹದಿನೆಂಟು. ಈ ಸಲ ರೆಕಾರ್ಡ್!" ಅವನ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು. ನನ್ನಿಂದ ಶಹಬಾಸ್ ಗಿಟ್ಟಿಸಲು ನಿಂತಿದ್ದಾನೆ! ಕಪಾಳಕ್ಕೆ ಬಾರಿಸಬೇಕು ಅನಿಸಿತು.

"ಇವು ಉತ್ತರಕ್ಕೆ ಹೋಗಿ ಮೊಟ್ಟೆ ಇಡಬೇಕು ಅನ್ನೂದು ಗೊತ್ತೈತಿ ಅಲ್ಲ ನಿನಗ?"

"ಹೋಗ್ತಾವ್ರಿ ಮೇಡಂ. ಮೇ ಮೂವತ್ತೊಂದಕ್ಕ ಸೀಜನ್ ಮುಗೀತೈತಿ, ಬಿಡ್ತೀವಿ."

"ಆಗ ಹೋಗಿ ಏನ್ ಮಾಡ್ತಾವ? ಹಿಮದಾಗ ಮರಿ ಮಾಡ್ತಾವೇನು?"

"ಈ ಒಂದ್ ವರ್ಷ ಮರಿ ಆಗ್ಲಿಲ್ಲಂದ್ರ ಏನಾಗೂದೈತ್ರಿ? ಬಾತು ಹೆಂಗೂ ಇಪ್ಪತ್ತ ವರ್ಷ ಬದಕ್ತಾವ" ಎಂದು ನಕ್ಕು ಒಂದು ಕಾಗದ ಮುಂದಿಟ್ಟ. ಇನ್ನೂ ಐದು ಸರೋವರಗಳಲ್ಲಿ ಕಂಬ ನೆಡುತ್ತಾರಂತೆ. ಈ ಸಾಧನದಿಂದ ಹಕ್ಕಿಗೆ ಯಾವ ತೊಂದರೆಯೂ ಇಲ್ಲ ಅಂತ ಕಂಡುಹಿಡಿದವರೇ ಬರೆದುಕೊಡಬೇಕಂತೆ. ವಿಮಾನದ ಟಿಕೆಟ್ಟಿನ ಗುಟ್ಟು ಆಗ ಗೊತ್ತಾಯಿತು. ಕಾಗದವನ್ನು ಮುಟ್ಟದೆ ಎದ್ದು ಬಂದೆ.

ಅತಿಥಿಗಳ ಕೋಣೆಯಲ್ಲಿ ಹೀಟರ್ ಮುಂದೆ ಕೂತು ಅತ್ತೆ ಊರಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದಳು. ನಾನು ಎಲ್ಲ ಹೇಳಿದೆ. ಅವಳು ರೊಟ್ಟಿ ಮುರಿದಳು, ತಿನ್ನಲಿಲ್ಲ. ಹಾಗೇ ಕಟ್ಟಿಟ್ಟು ಶಾಲು ಹೊದ್ದುಕೊಂಡಳು.

"ನಡಿ, ಒಂದನ್ನರ ಕೈಯಾಗ ಹಿಡದ ನೋಡಬೇಕು."

ಅಡಿಗೆಮನೆಯ ಹಿಂದುಗಡೆ ಗಾಳಿಗೆ ಮರೆಯಾದ ಜಾಗದಲ್ಲಿ ಒಂದು ಬಾತು ರೆಕ್ಕೆ ಇಳಿಬಿಟ್ಟು ಕೂತಿತ್ತು. ಅತ್ತೆ ಅದನ್ನು ಎರಡು ಕೈಯಲ್ಲಿ ಎತ್ತಿ ಎದೆಯ ಮೇಲೆ ಬೆರಳಾಡಿಸಿದಳು. ಊರಲ್ಲಿ ಬಲೆಗೆ ಸಿಕ್ಕಿದ ಬಾತುಗಳನ್ನು ಬಿಡಿಸಿ ಅವಳಿಗೆ ರೂಢಿ. ಹೊರಡುವ ಹೊತ್ತಿಗೆ ಎದೆಮೂಳೆಯ ಎರಡೂ ಕಡೆ ಮಾಂಸ ಉಬ್ಬಿರಬೇಕು, ಮೂಳೆ ಬೆರಳಿಗೆ ಸಿಗಬಾರದು.

"ಮುಟ್ಟಿ ನೋಡು" ಎಂದಳು. ಮುಟ್ಟಿದೆ. ಗರಿಯ ಕೆಳಗೆ ಚಾಕುವಿನ ಅಂಚಿನ ಹಾಗೆ ಮೂಳೆ. ಮತ್ತೇನೂ ಇಲ್ಲ.

ಪಕ್ಕದಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ ಇತ್ತು. ಮುಚ್ಚಳದ ಸಂದಿಯಿಂದ ಒಂದು ಕಿತ್ತಳೆ ಬಣ್ಣದ ಕಾಲು ಹೊರಗೆ ಬಂದಿತ್ತು. ತೆಗೆದು ನೋಡಬಾರದಿತ್ತು, ನೋಡಿದೆ. ಒಂದರ ಮೇಲೊಂದು ತುರುಕಿದ್ದರು, ಕತ್ತು ಮುರಿದುಕೊಂಡು, ಸುಣ್ಣ ಎರಚಿಕೊಂಡು. ಎಣಿಸುವ ಧೈರ್ಯವಾಗಲಿಲ್ಲ. ಪಕ್ಕದ ಕಿಟಕಿಯಿಂದ ಅತಿಥಿಗಳಿಗಾಗಿ ಈರುಳ್ಳಿ ಹುರಿಯುವ ಘಮಘಮ ವಾಸನೆ ಬರುತ್ತಿತ್ತು. ಗೋಡೆ ಹಿಡಿದು ವಾಂತಿ ಮಾಡಿಕೊಂಡೆ.

"ಥೂ ನಿಮ್ಮ ಜಲ್ಮಕ್ಕ" ಎಂದಳು ಅತ್ತೆ. ಯಾರಿಗೆ ಅಂದಳು ಅಂತ ನಾನು ಕೇಳಲಿಲ್ಲ. ನನಗೂ ಸೇರಿಸಿ ಅಂದಿದ್ದರೆ ತಪ್ಪೇನಿಲ್ಲ.

ಮರುದಿನ ಬೆಳಗ್ಗೆ ಮೊದಲ ಆಟಕ್ಕೆ ಇನ್ನೂ ಒಂದು ಗಂಟೆ ಇತ್ತು. ರುದ್ರೇಶ ಬಸ್ಸಿನಲ್ಲಿ ಬಂದವರನ್ನು ಬರಮಾಡಿಕೊಳ್ಳಲು ಹೋಗಿದ್ದ. ನಿಯಂತ್ರಣ ಕೊಠಡಿಯಲ್ಲಿದ್ದ ಹೆಣ್ಣುಮಗಳ ಹೆಸರು ಡೋಲ್ಕರ್, ಅಲ್ಲಿನ ಕುರಿಗಾಹಿಗಳ ಮನೆಯವಳು. ಕಂಬ ಮಾಡಿದವಳು ನಾನೇ ಅಂತ ಗೊತ್ತಿದ್ದರಿಂದ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಒಂಬತ್ತೂ ಕಂಬ ಆರಿಸಿದೆ. ಅವಳು ನನ್ನ ಮುಖ ನೋಡಿದಳು, ಬಾಗಿಲಿನ ಚಿಲಕ ಹಾಕಿ ಬಂದು ನನ್ನ ಪಕ್ಕ ನಿಂತಳು.

ಬಾತುಗಳು ಹೋಗಲಿಲ್ಲ. ಆಚೆ ದಂಡೆಯಿಂದ ಎದ್ದವು, ಕಣಿವೆಯ ಕಡೆ ಎರಡು ಸುತ್ತು ಹಾಕಿದವು. ಆಮೇಲೆ ತಾವಾಗಿಯೇ ಬಂದು ಚಿನ್ನದ ಕಂಬದ ಸುತ್ತ ಇಳಿದವು. ಅಲೆ ಇಲ್ಲ, ಗುರುತು ಇಲ್ಲ, ಕಡಲೆಯಂತೂ ಇಲ್ಲವೇ ಇಲ್ಲ. ಆದರೂ ಕೂತು ಕಾಯತೊಡಗಿದವು. ಇವತ್ತಲ್ಲ ನಾಳೆ ಬುತ್ತಿ ಸಿಕ್ಕೇ ಸಿಗುತ್ತದೆ ಎಂದು ಕಾಯುತ್ತಿದ್ದವು. ನಮ್ಮ ಊರವರು ಎಂದೂ ಮಾತು ತಪ್ಪಿದವರಲ್ಲವಲ್ಲ! ಸ್ವಿಚ್ಚು ಆರಿಸಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡ ನನ್ನ ಬುದ್ಧಿಗೆ ಏನು ಹೇಳಲಿ.

ಹೊರಗೆ ಬಂದು ಅತ್ತೆಗೆ ಹೇಳಿದೆ. ಅವಳು ಬಾತುಗಳನ್ನೇ ನೋಡುತ್ತಿದ್ದಳು.

"ಓಡಿಸಬೇಕಲ್ಲ ಹಂಗಾರ?"

"ಈಗ ಓಡಿಸಿದ್ರ ಹೋಗ್ತಾವ ಅತ್ತಿ. ಆದ್ರ ರುದ್ರೇಶ ಕಂಬ ಹಚ್ಚಿದ ಕೂಡ್ಲೆ ವಾಪಸ್ ಬರ್ತಾವ. ಕಂಬ ಹಚ್ಚಿಟ್ಟೇ ಓಡಿಸಬೇಕು. ಆ ಗುರುತು ಕಂಡ್ರ ಜೀವಕ್ಕ ಕುತ್ತು ಅಂತ ಅವಕ್ಕ ಅನಿಸಬೇಕು."

ಅತ್ತೆಗೆ ಭೌತಶಾಸ್ತ್ರ ಗೊತ್ತಿಲ್ಲ, ಆದರೆ ಮುಂದಿನದು ನಾನು ಬಾಯಿಬಿಡುವ ಮೊದಲೇ ಗೊತ್ತಾಗಿತ್ತು.

"ಊರಾಗೂ ಅದೇ ಕಂಬ ಐತಿ."

"ಹೌದು."

"ಹಂಗಾರ ನಮ್ಮ ಸಾಲಿಗೆ ಮತ್ತ ಬರೂದಿಲ್ಲ ಇವು."

"ಬರಲಿಕ್ಕಿಲ್ಲ ಅತ್ತಿ. ಕೆರಿಗೂ ಇಳೀತಾವೋ ಇಲ್ಲೋ, ಹೇಳಾಕ ಆಗೂದಿಲ್ಲ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹಚ್ಚು ನಿನ್ನ ಕಂಬಾನ" ಎಂದಳು.

ಕಿಟಕಿಯಿಂದ ಡೋಲ್ಕರಳಿಗೆ ಸನ್ನೆ ಮಾಡಿದೆ. ಅವಳು ಗುಂಡಿ ಒತ್ತಿದಳು. ಬಾತುಗಳೆಲ್ಲ ಒಂದೇ ಸಲ ಕತ್ತು ಎತ್ತಿ ಕಂಬದ ಕಡೆ ಹೊರಳಿದವು. ಸದ್ದು ಮಾಡುತ್ತಾ ಒತ್ತೊತ್ತಿಗೆ ಬಂದು ನಿಂತವು. ಅತ್ತೆ ಊಟದ ಮನೆಯಿಂದ ತಂದ ತಾಟು ಬಡಿದು ಕೂಗಿದಳು, "ಹೋಗ್ರಿ! ಹೇಯ್, ಹೋಗ್ರಿ!" ನಾನೂ ಕೂಗಿದೆ, ಕೋಟು ಬಿಚ್ಚಿ ಬೀಸಿದೆ. ಅವು ಅಂಜಲಿಲ್ಲ. ಒಂದು ತಿಂಗಳಿಂದ ಸ್ಪೀಕರು, ಸಿಳ್ಳೆ ಕೇಳಿ ಕೇಳಿ ಅವಕ್ಕೆ ಗದ್ದಲ ಅನ್ನುವುದು ಮಾಮೂಲಾಗಿಹೋಗಿತ್ತು. ಒಂದು ಬಾತು ಅತ್ತೆಯ ಕಾಲ ಹತ್ತಿರವೇ ಬಂದು ಅವಳ ಸೀರೆಯ ಅಂಚನ್ನು ಕೊಕ್ಕಿನಿಂದ ಎಳೆಯಿತು.

ಅತ್ತೆ ತಾಟು ಕೆಳಗಿಟ್ಟಳು. ಬಾಗಿ ಮುಷ್ಟಿ ಗಾತ್ರದ ಕಲ್ಲು ಎತ್ತಿಕೊಂಡಳು. ಅವಳ ಬಾಯಿ ಏನೋ ಅನ್ನುತ್ತಿತ್ತು, ನನಗೆ ಕೇಳಿಸಲಿಲ್ಲ. ಎರಡೇ ಮಾರು ದೂರದಿಂದ, ಗುರಿಯಿಟ್ಟು, ಜೋರಾಗಿ ಎಸೆದಳು.

ಕಲ್ಲು ಒಂದರ ರೆಕ್ಕೆಯ ಬುಡಕ್ಕೆ ಬಿತ್ತು. ಅದು ಕಿರುಚಿಕೊಂಡ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಗುಂಪಿಗೆ ಗುಂಪೇ ಬೆಚ್ಚಿತು. ಎರಡನೆಯ ಕಲ್ಲು ನನ್ನದು. ಮೂರನೆಯದು, ನಾಲ್ಕನೆಯದು ಯಾರದೋ ನೆನಪಿಲ್ಲ. ಇಬ್ಬರೂ ಹುಚ್ಚರ ಹಾಗೆ ಆರಿಸಿ ಆರಿಸಿ ಎಸೆದೆವು. ಏದುಸಿರು ಬಂದು ಕಣ್ಣು ಕತ್ತಲಿಟ್ಟಿತು. ಅಷ್ಟರಲ್ಲಿ ಬಸ್ಸಿನ ಜನ ಮೆಟ್ಟಿಲು ಹತ್ತಿ ಬಂದಿದ್ದರು. ಕೆಲವರು ಇದೂ ಆಟವೇ ಇರಬೇಕೆಂದು ಫೋನು ಹಿಡಿದು ನಿಂತರು.

ಬಾತುಗಳು ಎದ್ದವು. ಎಂಟುನೂರು ಜೊತೆ ರೆಕ್ಕೆ, ಮುಖಕ್ಕೆ ರಪ್ಪೆಂದು ಹೊಡೆವ ಗಾಳಿ, ಮೈಮೇಲೆಲ್ಲ ಹಿಕ್ಕೆ. ಕಲ್ಲೇಟು ತಿಂದದ್ದೂ ಓರೆಯಾಗಿ, ಕೊನೆಯಲ್ಲಿ, ಹೇಗೋ ಎದ್ದಿತು. ಉತ್ತರಕ್ಕೆ ಮುಖ ಮಾಡಿದವು.

ರುದ್ರೇಶ ಓಡೋಡಿ ಬಂದ. ಚಿಲಕ ಹಾಕಿದ ಬಾಗಿಲನ್ನು ಒದ್ದು ತೆಗೆದು ಒಳಗೆ ನುಗ್ಗಿದ. ಗಾಜಿನಾಚೆ ಅವನ ಕೈ ಗುಂಡಿಗಳ ಮೇಲೆ ಆಡುವುದು ಕಾಣುತ್ತಿತ್ತು. ಕಣಿವೆಯ ಬಾಯಲ್ಲಿದ್ದ ಎರಡೂ ಕಂಬಗಳನ್ನು ಪೂರ್ತಿ ಶಕ್ತಿಗೆ ಏರಿಸಿದ. ಸಾಲು ಅಲ್ಲಿಗೆ ಮುಟ್ಟಿತು. ಬಾತುಗಳು ಬೆಂಕಿ ಕಂಡಂತೆ ಚದುರಿದವು. ಕೂಗಾಡಿದವು. ಮೇಲಕ್ಕೆ, ಇನ್ನೂ ಮೇಲಕ್ಕೆ ಎದ್ದು, ಕಂಬಗಳಿಂದ ಆದಷ್ಟು ದೂರ ಸರಿದು, ಹಿಮದ ನೆತ್ತಿಯ ಮೇಲಿಂದ ಹಾಯ್ದು ಆಚೆ ಇಳಿದುಹೋದವು. ನನ್ನ ಇಡೀ ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಫಲ ಕೊಟ್ಟ ಪ್ರಯೋಗ ಇನ್ನೊಂದಿಲ್ಲ.

ಅದೇ ದಿನ ನಮ್ಮನ್ನು ಹೊರಗೆ ಹಾಕಿದರು. ರುದ್ರೇಶ ಬಾಯಿಗೆ ಬಂದದ್ದು ಬೈದ, ಕೋರ್ಟು ಅಂದ, ಕೊನೆಗೆ ಅತ್ತ. ನನಗೆ ಅವನ ಅಳುವಿನಿಂದಲೂ ಅಸಹ್ಯವಾಯಿತು. ಕಾರಿನಲ್ಲಿ ಅತ್ತೆ ಬಲಗೈಯನ್ನು ಮೈಯಿಂದ ದೂರ, ಸೀಟಿನ ಮೇಲೆ ಇಟ್ಟುಕೊಂಡು ಕೂತಿದ್ದಳು. ನೀರು ಕೊಟ್ಟರೆ ಎಡಗೈಯಲ್ಲಿ ತೆಗೆದುಕೊಂಡಳು.

ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು, "ಊರಿಗೆ ಹೋದ ಕೂಡ್ಲೆ ಕಂಬ ಎಲ್ಲಾ ಕಿತ್ತಸ್ತೀನಿ ಅತ್ತಿ. ಕಿತ್ತ ಮ್ಯಾಲೆ ನಾಕ ವರ್ಷದಾಗ ಮರತ ಬರಬಹುದು" ಅಂದೆ.

ಅತ್ತೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಬರೂದು ಬ್ಯಾಡ. ಬಂದ್ರ ಯಾವ ಮಾರಿ ಹೊತ್ಕೊಂಡು ಬುತ್ತಿ ಬಿಡ್ಲಿ?"